ಉಣ್ಣೆಯಿಂದ ಬರುವ ದನದ ಜ್ವರ: ಕೊಟ್ಟಿಗೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಣ್ಣೆಯಿಂದ ದನದ ರಕ್ತಕ್ಕೆ ಸೇರುವ ರೋಗಾಣುಗಳ ಸಂಶೋಧನೆಗಾಗಿ ರಕ್ತದ ಟ್ಯೂಬು, ಐಸ್ ಡಬ್ಬಿ ಹಿಡಿದು ಯಾರದ್ದಾದರೂ ಕೊಟ್ಟಿಗೆಗೆ ಹೋದರೆ ಮೊದಲು ಪ್ರಶ್ನೆ, ಆಮೇಲೆ ಚಹಾ, ಆಮೇಲೆ ದನ. ಹರಿಹರದ ಗದ್ದೆ ಬಯಲಿರಲಿ, ಮೊಳಕಾಲ್ಮೂರಿನ ಕಲ್ಲುಗುಡ್ಡವಿರಲಿ, ಜನ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು. ಅವುಗಳ ಜೊತೆಗೆ ಪಶುವೈದ್ಯ ವಿದ್ಯಾರ್ಥಿಗಳು ಕೇಳುವ ಒಂದೆರಡನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಔಷಧದ ಡೋಸ್ ಬೇಕಂತಲೇ ಬರೆದಿಲ್ಲ. ಅದನ್ನು ನಿಮ್ಮ ಡಾಕ್ಟರು ದನದ ತೂಕ, ಗಬ್ಬ, ನಿತ್ರಾಣ ನೋಡಿ ಹೇಳಬೇಕು.

ನಮ್ಮ ಆಕಳು ಚೆನ್ನಾಗೇ ಇದೆ. ಅದರ ರಕ್ತ ನಿಮಗೆ ಯಾಕೆ?

ಚೆನ್ನಾಗಿದೆ ಅನ್ನುವುದಕ್ಕೇ ಬೇಕು. ಕಾಯಿಲೆ ಬಿದ್ದ ದನ ಡಾಕ್ಟರ ಕಣ್ಣಿಗೆ ಹೇಗೂ ಬೀಳುತ್ತದೆ. ಹಿಂದೆ ಯಾವಾಗಲೋ ಜ್ವರ ಬಂದು, ಇಂಜೆಕ್ಷನ್ ಬಿದ್ದು, ಈಗ ಮೆಲುಕು ಹಾಕುತ್ತಾ ಹಾಲು ಕೊಡುತ್ತಾ ನಿಂತಿರುವ ಆಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ರಕ್ತದಲ್ಲಿ ರೋಗಾಣು ತೀರಾ ಕಡಿಮೆ ಸಂಖ್ಯೆಯಲ್ಲಿ ಉಳಿದುಬಿಟ್ಟಿರುತ್ತದೆ. ಥೈಲೇರಿಯಾ ಅನ್ನುವ ರೋಗಾಣು ವರ್ಷಗಟ್ಟಲೆ ಹೀಗೆ ಉಳಿಯಬಲ್ಲದು. ಅನಾಪ್ಲಾಸ್ಮಾ ಅನ್ನುವ ಇನ್ನೊಂದು ರೋಗಾಣು ಆದರೆ ಎಷ್ಟೋ ಸಲ ಆಯುಷ್ಯ ಪೂರ್ತಿ. ಆ ದನಕ್ಕೆ ತೊಂದರೆ ಇಲ್ಲ. ಅದನ್ನು ಕಚ್ಚಿದ ಉಣ್ಣೆ ಮಾತ್ರ ರೋಗಾಣು ತುಂಬಿಕೊಂಡು, ಮುಂದೆ ಪಕ್ಕದ ಗೂಟದಲ್ಲಿ ಕಟ್ಟಿದ ಮಣಕಕ್ಕೆ ದಾಟಿಸುತ್ತದೆ.

ಈ ಸಂಶೋಧನೆಯ ತಿರುಳು ಇಷ್ಟೇ: ರೋಗ ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ ರೋಗ ಇಲ್ಲದ ದನವನ್ನೇ ನೋಡಬೇಕು. ಇಂಜೆಕ್ಷನ್ ಒಂದು ದನವನ್ನು ಉಳಿಸುತ್ತದೆ. ಗೋಡೆಯ ಬಿರುಕಿನಲ್ಲಿ ಕೂತ ಉಣ್ಣೆಗೆ ಅದರಿಂದ ಏನೂ ಆಗುವುದಿಲ್ಲ.

ಅಷ್ಟು ರಕ್ತ ತೆಗೆದರೆ ಹಾಲು ಕಮ್ಮಿ ಆಗಲ್ವಾ?

ಇಲ್ಲ. ತೆಗೆಯುವುದು ಒಂದು ಟ್ಯೂಬು, ಹೆಚ್ಚೆಂದರೆ ಒಂದು ಚಹಾ ಚಮಚದಷ್ಟು. 400 ಕೆಜಿ ತೂಗುವ ಹಸುವಿನ ಮೈಯಲ್ಲಿ 20 ಲೀಟರಿಗೂ ಜಾಸ್ತಿ ರಕ್ತ ಇರುತ್ತದೆ. ಹಿಡಿದು ಕಟ್ಟಿದ ಗಾಬರಿಗೆ ಅವತ್ತಿನ ಸಂಜೆ ಸ್ವಲ್ಪ ಹಾಲು ಬಿಗಿಹಿಡಿದರೂ ಹಿಡಿಯಬಹುದು. ಅದಕ್ಕೇ ನಾವು ಹಿಂಡಿದ ಮೇಲೆ ಬರುವುದು. ಹಾಗೆ ನೋಡಿದರೆ ಮೈತುಂಬಾ ಉಣ್ಣೆ ಹತ್ತಿದ ದನ ದಿನಾ ಕಳೆದುಕೊಳ್ಳುವ ರಕ್ತವೇ ನಮ್ಮ ಟ್ಯೂಬಿಗಿಂತ ಜಾಸ್ತಿ.

ಇವು ಯಾವ ರೋಗಾಣು? ಎಲ್ಲಾ ಒಂದೇನಾ?

ಒಂದೇ ಅಲ್ಲ. ನಮ್ಮ ಕಡೆ ಮುಖ್ಯವಾಗಿ ನೋಡುವುದು ಮೂರನ್ನು.

ಮೊದಲನೆಯದು ಥೈಲೇರಿಯಾ ಆನ್ಯುಲೇಟಾ. ಮಿಶ್ರತಳಿ ಹಸು ಕಟ್ಟಿದವರಿಗೆ ಅತಿ ಹೆಚ್ಚು ನಷ್ಟ ಮಾಡುವುದು ಇದೇ. ಮೊದಲು ಬಿಳಿ ರಕ್ತಕಣದೊಳಗೆ ಸೇರುತ್ತದೆ. ಸೇರಿ ಆ ಕಣವನ್ನೇ ಹಿಡಿತಕ್ಕೆ ತೆಗೆದುಕೊಂಡು, ನಿಲ್ಲದೆ ವಿಭಜನೆ ಆಗುವಂತೆ ಮಾಡುತ್ತದೆ. ಕ್ಯಾನ್ಸರ್ ಕಣ ಹೀಗೇ ಬೆಳೆಯುವುದು ಅಲ್ವಾ? ಆದರೆ ಔಷಧ ಕೊಟ್ಟು ರೋಗಾಣು ಸತ್ತರೆ ಈ ಬೆಳವಣಿಗೆ ನಿಂತುಹೋಗುತ್ತದೆ. ಅದಕ್ಕಾಗಿಯೇ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವ ವಿಜ್ಞಾನಿಗಳಿಗೂ ಈ ದನದ ರೋಗಾಣು ಅಂದರೆ ಕುತೂಹಲ. ಬಿಳಿ ಕಣದಲ್ಲಿ ಹೆಚ್ಚಿಕೊಂಡ ಮೇಲೆ ಅದು ಕೆಂಪು ಕಣಕ್ಕೆ ನುಗ್ಗುತ್ತದೆ. ಆಗ ರಕ್ತಹೀನತೆ ಶುರು.

ಎರಡನೆಯದು ಬೆಬೀಸಿಯಾ ಬೈಜೆಮಿನಾ. ಇದು ನೇರವಾಗಿ ಕೆಂಪು ಕಣಕ್ಕೇ ಹೋಗಿ ಒಡೆಯುತ್ತದೆ. ಒಡೆದ ಕಣದ ಬಣ್ಣ ಗಂಜಲದಲ್ಲಿ ಬರುತ್ತದೆ. ಹಳ್ಳಿಯಲ್ಲಿ ಕೆಂಪು ಮೂತ್ರದ ರೋಗ ಅನ್ನುವುದು ಹೆಚ್ಚಾಗಿ ಇದನ್ನೇ.

ಮೂರನೆಯದು ಅನಾಪ್ಲಾಸ್ಮಾ ಮಾರ್ಜಿನೇಲ್. ನಿಜ ಹೇಳಬೇಕೆಂದರೆ ಇದು ಬ್ಯಾಕ್ಟೀರಿಯಾ. ಕೆಂಪು ಕಣದ ಅಂಚಿನಲ್ಲಿ ಚುಕ್ಕೆಯ ಹಾಗೆ ಕಾಣುವುದರಿಂದ ಮತ್ತು ಉಣ್ಣೆಯಿಂದಲೂ ಬರುವುದರಿಂದ ಇದನ್ನೂ ಅದೇ ಸಾಲಿಗೆ ಸೇರಿಸಿ ನೋಡುತ್ತೇವೆ. ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಆರ್ನಾಲ್ಡ್ ಥೈಲರ್ 1910ರಲ್ಲಿ ಇದನ್ನು ಬೇರೆ ರೋಗಾಣು ಅಂತ ಗುರುತಿಸಿದರು. ಥೈಲೇರಿಯಾ ಅನ್ನುವ ಹೆಸರು ಬಂದದ್ದೂ ಅವರ ಹೆಸರಿನಿಂದಲೇ.

ಇವಲ್ಲದೆ ಥೈಲೇರಿಯಾ ಓರಿಯೆಂಟಾಲಿಸ್ ಅಂತ ಒಂದಿದೆ. ಸಾಮಾನ್ಯವಾಗಿ ಸೌಮ್ಯ, ಕೆಲವೊಮ್ಮೆ ಅಲ್ಲ. ಸರ್ರಾ ಅನ್ನುವ ಇನ್ನೊಂದು ರೋಗ ತರುವ ಟ್ರಿಪನೋಸೋಮಾ ಕೂಡ ಅದೇ ರಕ್ತದ ಸ್ಲೈಡಿನಲ್ಲಿ ಸಿಗುತ್ತದೆ. ಆದರೆ ಅದು ಉಣ್ಣೆಯಿಂದ ಬರುವುದಲ್ಲ, ಕಚ್ಚುವ ದೊಡ್ಡ ನೊಣದಿಂದ.

ಉಣ್ಣೆಯೇ ಕಾರಣ ಅಂತ ಯಾರು ಕಂಡುಹಿಡಿದರು?

ಬೆಬೀಸಿಯಾವನ್ನು ಮೊದಲು ನೋಡಿದ್ದು ವಿಕ್ಟರ್ ಬಾಬೆಷ್, 1888ರಲ್ಲಿ, ರೊಮೇನಿಯಾದ ದನಗಳಲ್ಲಿ. ಹರಡುವುದು ಉಣ್ಣೆ ಅಂತ ತೋರಿಸಿದ್ದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್. ಅಲ್ಲಿ ಅದನ್ನು ಟೆಕ್ಸಾಸ್ ಜ್ವರ ಅನ್ನುತ್ತಿದ್ದರು. ಅವರ ವರದಿ ಬಂದದ್ದು 1893ರಲ್ಲಿ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ನೋಡಿದ್ದು 1897ರಲ್ಲಿ. ಅಂದರೆ ಮನುಷ್ಯನ ಮಲೇರಿಯಾಕ್ಕಿಂತ ಮೊದಲೇ ದನದ ರೋಗದಲ್ಲಿ ಈ ಗುಟ್ಟು ಬಯಲಾಗಿತ್ತು. ದನದ ಡಾಕ್ಟರುಗಳು ಈ ವಿಷಯದಲ್ಲಿ ಸ್ವಲ್ಪ ಜಂಭ ಪಟ್ಟರೆ ತಪ್ಪಿಲ್ಲ.

ಎಲ್ಲಾ ಉಣ್ಣೆಯಿಂದಲೂ ಎಲ್ಲಾ ರೋಗ ಬರುತ್ತಾ?

ಬರುವುದಿಲ್ಲ. ಹಾಗಾಗಿಯೇ ನಾವು ರಕ್ತದ ಜೊತೆ ಉಣ್ಣೆಯನ್ನೂ ಕೇಳುವುದು.

ಥೈಲೇರಿಯಾ ಆನ್ಯುಲೇಟಾ ತರುವುದು ಹಯಲೋಮಾ ಜಾತಿಯ ಉಣ್ಣೆ. ಕಂದು ಬಣ್ಣ, ಉದ್ದ ಮೂತಿ, ಕಾಲಿನ ಗೆಣ್ಣುಗಳಲ್ಲಿ ಮಾಸಲು ಪಟ್ಟೆ. ಇದು ಒಂದೇ ದನದ ಮೇಲೆ ಬಾಳುವೆ ಮುಗಿಸುವುದಿಲ್ಲ. ಒಂದು ಹಂತದಲ್ಲಿ ರಕ್ತ ಕುಡಿದು ಕೆಳಗಿಳಿಯುತ್ತದೆ. ಗೋಡೆಯ ಬಿರುಕು, ಗೋದಲಿಯ ಸಂದಿ, ಕಲ್ಲಿನ ಅಡಿ ಸೇರುತ್ತದೆ. ಪೊರೆ ಕಳಚಿ ಮತ್ತೆ ಬೇರೆ ದನ ಹತ್ತುತ್ತದೆ. ಮರಿ ಇದ್ದಾಗ ಕುಡಿದ ರೋಗಾಣುವನ್ನು ಮುಂದಿನ ಹಂತದಲ್ಲಿ ಇನ್ನೊಂದು ದನಕ್ಕೆ ಬಿಡುತ್ತದೆ. ಆದರೆ ತಾಯಿ ಉಣ್ಣೆಯಿಂದ ಮೊಟ್ಟೆಗೆ ಥೈಲೇರಿಯಾ ದಾಟುವುದಿಲ್ಲ.

ಬೆಬೀಸಿಯಾ ತರುವುದು ರೈಪಿಸೆಫಾಲಸ್ ಮೈಕ್ರೋಪ್ಲಸ್. ರಕ್ತ ಕುಡಿದು ಉಬ್ಬಿದಾಗ ಹರಳು ಬೀಜದಂತೆ ಕಾಣುವ ಬೂದು ಬಣ್ಣದ ಉಣ್ಣೆ ಇದೇ. ಕೆಚ್ಚಲು, ತೊಡೆ ಸಂದಿ, ಗಂಗೆದೊಗಲಿನಲ್ಲಿ ಗೊಂಚಲು ಗೊಂಚಲಾಗಿ ಇರುತ್ತದೆ. ಇದು ಮರಿಯಾಗಿ ಹತ್ತಿದ ದನದ ಮೇಲೇ ಸುಮಾರು ಮೂರು ವಾರ ಇದ್ದು, ದೊಡ್ಡದಾಗಿ, ಕೆಳಗೆ ಬಿದ್ದು ಎರಡು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಇಲ್ಲಿ ರೋಗಾಣು ಮೊಟ್ಟೆಯ ಮೂಲಕವೇ ಮರಿಗಳಿಗೆ ಹೋಗುತ್ತದೆ. ಅಂದರೆ ಒಂದು ದನವನ್ನೂ ಕಚ್ಚಿರದ ಮರಿಯ ಹೊಟ್ಟೆಯಲ್ಲೂ ಬೆಬೀಸಿಯಾ ಇರಬಹುದು.

ಅನಾಪ್ಲಾಸ್ಮಾಕ್ಕೆ ಇಷ್ಟು ನಿಯಮ ಇಲ್ಲ. ಉಣ್ಣೆ, ಕಚ್ಚುವ ನೊಣ, ಒಂದೇ ಸೂಜಿಯನ್ನು ಹತ್ತು ದನಕ್ಕೆ ಚುಚ್ಚುವುದು, ಕೊಂಬು ಕತ್ತರಿಸುವ ಸಾಮಾನು, ಯಾವುದರಿಂದಲೂ ಹರಡುತ್ತದೆ. ಕೊನೆಯ ಎರಡು ಮನುಷ್ಯರ ಕೆಲಸ. ಪ್ರತಿ ದನಕ್ಕೂ ಹೊಸ ಸೂಜಿ ಕೇಳಿ. ನಾಚಿಕೊಳ್ಳಬೇಡಿ.

ಭದ್ರಾ ಕಾಲುವೆ ಕಡೆಗೂ ಚಳ್ಳಕೆರೆ ಕಡೆಗೂ ವ್ಯತ್ಯಾಸ ಇದೆಯಾ?

ಇರಲೇಬೇಕು. ಮೈಕ್ರೋಪ್ಲಸ್ ಮೊಟ್ಟೆ ಒಡೆದು ಮರಿ ಬದುಕಲು ತೇವ ಬೇಕು, ಹಸಿರು ಬೇಕು. ಚನ್ನಗಿರಿ, ಹರಿಹರ, ದಾವಣಗೆರೆಯ ನೀರಾವರಿ ಬಯಲು ಅದಕ್ಕೆ ಹೇಳಿ ಮಾಡಿಸಿದ್ದು. ಹಯಲೋಮಾ ಒಣ ಹವೆಗೆ ಒಗ್ಗಿದ ಉಣ್ಣೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನ ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ. ಕಲ್ಲು, ಮಣ್ಣು ಸೇರಿಸಿ ಕಟ್ಟಿದ ಹಳೆಯ ಕೊಟ್ಟಿಗೆ ಗೋಡೆ ಸಿಕ್ಕರೆ ಅದಕ್ಕೆ ಇನ್ನೇನು ಬೇಕು?

ಆದರೆ ಇದನ್ನೇ ಗೆರೆ ಹಾಕಿದಂತೆ ಹೇಳಲು ಬರುವುದಿಲ್ಲ. ಮಾರಿಕಣಿವೆ ಜಲಾಶಯದ ಅಚ್ಚುಕಟ್ಟಿನ ಹಳ್ಳಿ ಹಿರಿಯೂರು ತಾಲ್ಲೂಕಿನದ್ದೇ ಆದರೂ ಅಲ್ಲಿ ತೇವ ಇದೆ. ಗದ್ದೆ ಬಯಲಿನ ಹಳ್ಳಿಯಲ್ಲೂ ಬಿರುಕು ಬಿಟ್ಟ ಗೋಡೆ ಇರುತ್ತದೆ. ಹಾಗಾಗಿ ಜಿಲ್ಲೆಯ ಹೆಸರು ನೋಡಿ ಮಾದರಿ ಆರಿಸಿದರೆ ಪ್ರಯೋಜನ ಕಮ್ಮಿ. ನೀರು, ಮೇವು, ಕೊಟ್ಟಿಗೆಯ ಗೋಡೆ, ಇವನ್ನು ಬರೆದುಕೊಂಡು ಆಮೇಲೆ ರಕ್ತ ತೆಗೆಯಬೇಕು. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಮಾತು ಇದು.

ಬಂದಿದೆ ಅಂತ ಗುರುತಿಸುವುದು ಹೇಗೆ?

ಥೈಲೇರಿಯಾದಲ್ಲಿ ಜ್ವರ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್. ಹಾಲು ಒಮ್ಮೆಲೇ ಇಳಿಯುತ್ತದೆ. ಭುಜದ ಮುಂದೆ ಚರ್ಮದ ಕೆಳಗೆ ಗಡ್ಡೆ ಕೈಗೆ ಸಿಗುತ್ತದೆ. ಇದು ದೊಡ್ಡ ಸುಳಿವು. ಏದುಸಿರು, ಕೆಮ್ಮು, ಕಣ್ಣಲ್ಲಿ ನೀರು, ಆಮೇಲೆ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು. ಕರುಗಳಲ್ಲಿ ಕೆಲವೊಮ್ಮೆ ಕಣ್ಣುಗುಡ್ಡೆ ಹೊರಗೆ ಬಂದಂತೆ ಉಬ್ಬುತ್ತದೆ.

ಬೆಬೀಸಿಯಾದಲ್ಲಿ ಜ್ವರದ ಜೊತೆ ಕಾಫಿ ಬಣ್ಣದ ಗಂಜಲ. ಅನಾಪ್ಲಾಸ್ಮಾದಲ್ಲಿ ಗಂಜಲ ಕೆಂಪಾಗುವುದಿಲ್ಲ. ಬದಲಿಗೆ ಕಾಮಾಲೆ, ಗಟ್ಟಿ ಸಗಣಿ, ದಿನೇ ದಿನೇ ಸೊರಗುವುದು.

ಇಷ್ಟು ಚೊಕ್ಕವಾಗಿ ಬರೆದರೂ ಕೊಟ್ಟಿಗೆಯಲ್ಲಿ ಎಲ್ಲಾ ಬೆರೆತೇ ಬರುತ್ತವೆ. ಒಂದೇ ದನದಲ್ಲಿ ಎರಡು ರೋಗಾಣು ಇರುವುದು ಅಪರೂಪವಲ್ಲ. ಚರ್ಮಗಂಟು ರೋಗದಲ್ಲೂ ಜ್ವರ ಬರುತ್ತದೆ, ಗಡ್ಡೆ ಊದುತ್ತದೆ. ಮೂರು ದಿನದ ಜ್ವರ ಬೇರೆ ಇದೆ. ಹಾಗಾಗಿ ನೋಡಿದ ಕೂಡಲೇ ಇದೇ ಅಂತ ಹೇಳಿಬಿಡುವವರನ್ನು ಪೂರ್ತಿ ನಂಬಬೇಡಿ, ಅದು ನಾನಾದರೂ ಸರಿ.

ಗಂಜಲ ಕೆಂಪಾಯಿತು ಅಂದರೆ ಉಣ್ಣೆ ಜ್ವರವೇನಾ?

ಅಲ್ಲದೆಯೂ ಇರಬಹುದು. ಜಾಸ್ತಿ ಹಾಲು ಕೊಡುವ ಹಸು ಅಥವಾ ಎಮ್ಮೆ, ಕರು ಹಾಕಿ ಕೆಲವು ವಾರ ಆಗಿದೆ, ಗಂಜಲ ಕಾಫಿ ಬಣ್ಣ, ಆದರೆ ಜ್ವರ ಇಲ್ಲ. ಹಾಗಿದ್ದರೆ ರಂಜಕದ ಕೊರತೆಯನ್ನು ಮೊದಲು ಅನುಮಾನಿಸಬೇಕು. ಅದರ ಚಿಕಿತ್ಸೆಯೇ ಬೇರೆ. ಬೆಬೀಸಿಯಾ ಇಂಜೆಕ್ಷನ್ ಕೊಟ್ಟು ಕೂತರೆ ಹಸು ಕೈಬಿಟ್ಟು ಹೋಗುತ್ತದೆ. ಇಲಿ ಜ್ವರದಲ್ಲೂ ಕೆಂಪು ಬರಬಹುದು. ಆದ್ದರಿಂದ ಕೊಟ್ಟಿಗೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಔಷಧದ ಅಂಗಡಿಯಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ. ಡಾಕ್ಟರಿಗೆ ಫೋನ್ ಮಾಡುವ ಮೊದಲು ಜ್ವರ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಹೊರಗಿನಿಂದ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಹಸು ತಂದೆ. ತಿಂಗಳೊಳಗೆ ಮಲಗಿತು. ಮಾರಿದವರು ಮೋಸ ಮಾಡಿದರಾ?

ಎಲ್ಲಾ ಸಲ ಮೋಸ ಅಲ್ಲ. ಎರಡು ರೀತಿ ಆಗಬಹುದು. ಒಂದು, ಹಸುವಿನ ಮೈಯಲ್ಲಿ ರೋಗಾಣು ಮೊದಲೇ ಅಡಗಿತ್ತು. ಲಾರಿಯಲ್ಲಿ ನಿಂತು ಬಂದ ದಣಿವು, ಮೇವಿನ ಬದಲಾವಣೆ, ಅದರ ಮೇಲೆ ಹೆರಿಗೆ, ಇಷ್ಟರಲ್ಲಿ ಅದು ತಲೆ ಎತ್ತಿತು. ಇನ್ನೊಂದು, ಹಸು ಚೊಕ್ಕವಾಗಿಯೇ ಬಂತು. ನಿಮ್ಮ ಕೊಟ್ಟಿಗೆಯ ಉಣ್ಣೆ ಕಚ್ಚಿತು. ಥೈಲೇರಿಯಾ ಲಕ್ಷಣ ಕಾಣಲು ಒಂದರಿಂದ ಮೂರು ವಾರ ಬೇಕು. ಅನಾಪ್ಲಾಸ್ಮಾಕ್ಕೆ ಇನ್ನೂ ಜಾಸ್ತಿ, ತಿಂಗಳ ಮೇಲೂ ಹೋಗಬಹುದು. ಹಾಗಾಗಿ ಬಂದು ಎಷ್ಟು ದಿನಕ್ಕೆ ಜ್ವರ ಬಂತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಹಸು ತಂದ ವಾರದಲ್ಲೇ ಸ್ಲೈಡ್ ಮಾಡಿಸಿದ್ದರೆ ಜಗಳ ಆಡುವುದಕ್ಕೂ ಆಧಾರ ಇರುತ್ತಿತ್ತು.

ನಾಟಿ ದನಕ್ಕೆ ಇದು ಬರುವುದೇ ಇಲ್ಲ ಅಂತಾರಲ್ಲ?

ಬರುತ್ತದೆ, ತಡೆದುಕೊಳ್ಳುತ್ತವೆ. ಸಾಹಿವಾಲ್ ಮತ್ತು ಹಾಲ್‌ಸ್ಟೀನ್ ಕರುಗಳಿಗೆ ಬೇಕಂತಲೇ ಥೈಲೇರಿಯಾ ಕೊಟ್ಟು ನೋಡಿದ ಪ್ರಯೋಗದಲ್ಲಿ ಸಾಹಿವಾಲ್ ಕರುಗಳು ಬದುಕಿದವು, ಹಾಲ್‌ಸ್ಟೀನ್ ಕರುಗಳು ಉಳಿಯಲಿಲ್ಲ. ಎರಡರ ಮೈ ಸ್ಪಂದಿಸುವ ರೀತಿಯೇ ಬೇರೆ. ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳಿಗೂ ಉಣ್ಣೆ ಕಮ್ಮಿ ಹತ್ತುತ್ತದೆ. ಹತ್ತಿದರೂ ನೆಕ್ಕಿ, ಉಜ್ಜಿ ಉದುರಿಸಿಕೊಳ್ಳುತ್ತವೆ.

ಇನ್ನೊಂದು ವಿಷಯ ಇದೆ. ಬೆಬೀಸಿಯಾಕ್ಕೆ ಎಳೆಗರುಗಳು ಅಷ್ಟಾಗಿ ಬಗ್ಗುವುದಿಲ್ಲ. ಎಳೆತನದಲ್ಲೇ ಒಂದು ಸಲ ತಗುಲಿ ಹೋದರೆ ದೊಡ್ಡದಾದ ಮೇಲೆ ತಡೆಯುವ ಶಕ್ತಿ ಇರುತ್ತದೆ. ಚಳ್ಳಕೆರೆಯ ಕಾವಲುಗಳಲ್ಲಿ (ಹುಲ್ಲುಗಾವಲು) ಮೇಯ್ದು ಬೆಳೆದ ದನಗಳಿಗೆ ಇದು ತಾನಾಗಿಯೇ ಆಗುತ್ತದೆ. ಉಣ್ಣೆಯನ್ನೇ ಕಾಣದ ಶೆಡ್ಡಿನಲ್ಲಿ ಬೆಳೆದ ಹಸುವನ್ನು ದೊಡ್ಡದಾದ ಮೇಲೆ ಮೇಯಲು ಬಿಟ್ಟರೆ ಅಪಾಯ ಜಾಸ್ತಿ. ಥೈಲೇರಿಯಾ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಒಂದೆರಡು ತಿಂಗಳ ಮಿಶ್ರತಳಿ ಕರುವನ್ನೂ ಅದು ಕೊಲ್ಲುತ್ತದೆ.

ದೇವರ ಎತ್ತುಗಳಿಂದ ರಕ್ತ ತೆಗೆಯಬಹುದಾ?

ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಇದು ಬಂದೇ ಬರುವ ಪ್ರಶ್ನೆ. ವಿಜ್ಞಾನದ ದೃಷ್ಟಿಯಿಂದ ದೇವರಿಗೆ ಬಿಟ್ಟ ಆ ಹಿಂಡುಗಳು ಬಹಳ ಬೆಲೆಯುಳ್ಳವು. ಹೊರಗಿನ ತಳಿ ಬೆರೆತಿಲ್ಲ, ಬಯಲಲ್ಲೇ ಮೇಯುತ್ತವೆ, ಔಷಧ ಕಂಡದ್ದು ಕಮ್ಮಿ. ಆದರೆ ಅವು ಯಾರದ್ದೋ ಒಬ್ಬರ ಸ್ವತ್ತಲ್ಲ. ಹಿಂಡು ಕಾಯುವ ಕಿಲಾರಿ ಒಪ್ಪಿದರೆ ಸಾಲದು, ಹಟ್ಟಿಯ ಹಿರಿಯರು ಒಪ್ಪಬೇಕು. ಅವರು ಬೇಡ ಅಂದರೆ ಬೇಡ. ರಕ್ತ ಬೇಡ ಅಂದವರು ಉಣ್ಣೆ ಕಿತ್ತುಕೊಳ್ಳಲು ಸಂತೋಷದಿಂದ ಬಿಡಬಹುದು. ಉಣ್ಣೆಯ ಹೊಟ್ಟೆಯಲ್ಲಿರುವ ರೋಗಾಣುವೂ ನಮಗೆ ಸಾಕಷ್ಟು ಕಥೆ ಹೇಳುತ್ತದೆ. ಕಿಲಾರಿಗಳ ಹತ್ತಿರ ಕೂತು ಕೇಳಿದರೆ ಯಾವ ಮಳೆಗೆ ಯಾವ ಉಣ್ಣೆ ಏಳುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ, ಆದ್ದರಿಂದ ಬೇರೆ ನೋಟ್‌ಬುಕ್ ಒಯ್ಯುವುದು ಒಳ್ಳೆಯದು.

ಸ್ಲೈಡ್ ನೋಡಿ ಏನೂ ಇಲ್ಲ ಅಂದರು. ಹಸು ಮಾತ್ರ ಹುಷಾರಾಗಲಿಲ್ಲ. ಯಾಕೆ?

ಎರಡು ಕಾರಣ ಸಾಮಾನ್ಯ. ಮೊದಲನೆಯದು, ಇಂಜೆಕ್ಷನ್ ಬಿದ್ದ ಮೇಲೆ ಸ್ಲೈಡ್ ಮಾಡಿದ್ದು. ಆಗ ರೋಗಾಣು ಕಮ್ಮಿ ಆಗಿ ಕಣ್ಣಿಗೆ ಸಿಗುವುದಿಲ್ಲ. ರಕ್ತದ ಸ್ಲೈಡ್ ಯಾವಾಗಲೂ ಔಷಧಕ್ಕಿಂತ ಮೊದಲು ಆಗಬೇಕು. ಡಾಕ್ಟರು ಅವಸರದಲ್ಲಿದ್ದರೂ ನೀವು ನೆನಪಿಸಿ. ಕಿವಿಯ ಅಂಚಿನ ಒಂದು ಹನಿ ಸಾಕು.

ಎರಡನೆಯದು, ಥೈಲೇರಿಯಾದ ಮೊದಲ ದಿನಗಳಲ್ಲಿ ರೋಗಾಣು ಕೆಂಪು ಕಣಕ್ಕೆ ಬಂದಿರುವುದೇ ಇಲ್ಲ. ಆಗ ಊದಿದ ಗಡ್ಡೆಗೆ ಸೂಜಿ ಹಾಕಿ ಎಳೆದ ದ್ರವದಲ್ಲಿ ಹುಡುಕಬೇಕು. ಅಲ್ಲಿ ಬಿಳಿ ಕಣದೊಳಗೆ ನೀಲಿ ಗುಂಪು ಕಾಣುತ್ತದೆ. ಅದನ್ನು ಕಾಕ್ ನೀಲಿಕಾಯ ಅನ್ನುತ್ತಾರೆ.

ಸ್ಲೈಡ್ ಮಾಡುವುದೇ ಒಂದು ಕೈಚಳಕ. ತೆಳ್ಳಗೆ ಎಳೆಯಬೇಕು, ಗಾಳಿಗೆ ಒಣಗಿಸಬೇಕು, ಮೆಥನಾಲ್‌ನಲ್ಲಿ ಅದ್ದಿ ಗೀಮ್ಸಾ ಬಣ್ಣ ಹಾಕಬೇಕು. ದಪ್ಪ ಎಳೆದ ಸ್ಲೈಡ್, ನೊಣ ಕೂತ ಸ್ಲೈಡ್, ತೊಳೆಯದ ಗಾಜಿನ ಧೂಳು, ಎಲ್ಲವೂ ರೋಗಾಣುವಿನ ವೇಷ ಹಾಕುತ್ತವೆ. ಬಣ್ಣದ ಚೂರನ್ನು ಅನಾಪ್ಲಾಸ್ಮಾ ಅಂತ ಬರೆದುಬಿಡುವುದು ಹೊಸಬರಲ್ಲಿ ತೀರಾ ಸಾಮಾನ್ಯ.

ಪಿಸಿಆರ್ ಅಂದರೆ ಕೊರೊನಾ ಕಾಲದ ಪರೀಕ್ಷೆಯೇನಾ?

ವಿಧಾನ ಅದೇ ಬಗೆಯದು, ಹುಡುಕುವ ವಸ್ತು ಬೇರೆ. ರಕ್ತದಿಂದ ಡಿಎನ್ಎ ತೆಗೆದು, ರೋಗಾಣುವಿಗೆ ಮಾತ್ರ ಸೇರಿದ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುತ್ತೇವೆ. ಥೈಲೇರಿಯಾ, ಬೆಬೀಸಿಯಾಕ್ಕೆ ಸಾಮಾನ್ಯವಾಗಿ 18ಎಸ್ ಅನ್ನುವ ಜೀನ್. ಸ್ಲೈಡಿನಲ್ಲಿ ಕಾಣದಷ್ಟು ಕಮ್ಮಿ ಇದ್ದರೂ ಇದರಲ್ಲಿ ಸಿಗುತ್ತದೆ. ಮೊದಲು ಹೇಳಿದ ಚೆನ್ನಾಗಿರುವ ಆಕಳನ್ನು ಹಿಡಿಯುವುದು ಹೀಗೆ.

ಆದರೆ ಪಿಸಿಆರ್ ಪಾಸಿಟಿವ್ ಅಂದ ಮಾತ್ರಕ್ಕೆ ಇವತ್ತಿನ ಜ್ವರಕ್ಕೆ ಅದೇ ಕಾರಣ ಅಂತಲ್ಲ. ಎಷ್ಟೋ ವರ್ಷದ ಹಿಂದೆ ಬಂದು ಉಳಿದದ್ದೂ ಪಾಸಿಟಿವ್ ತೋರಿಸುತ್ತದೆ. ಹಾಗಾಗಿ ಚಿಕಿತ್ಸೆಗೆ ಸ್ಲೈಡ್, ಹರಡುವಿಕೆಯ ಲೆಕ್ಕಕ್ಕೆ ಪಿಸಿಆರ್. ಎರಡೂ ಬೇಕು. ಪಿಸಿಆರ್ ಬಂತು ಅಂತ ಮೈಕ್ರೋಸ್ಕೋಪಿಗೆ ಬಟ್ಟೆ ಮುಚ್ಚಿಟ್ಟ ಲ್ಯಾಬನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ದುಬಾರಿ ಇಂಜೆಕ್ಷನ್ ಕೊಡಿಸಿದರೂ ಹಸು ಉಳಿಯಲಿಲ್ಲ. ಔಷಧ ಕೆಲಸ ಮಾಡುತ್ತಿಲ್ಲವಾ?

ಥೈಲೇರಿಯಾಕ್ಕೆ ಕೊಡುವುದು ಬುಪಾರ್ವಕ್ವೋನ್. ಬೆಬೀಸಿಯಾಕ್ಕೆ ಡೈಮಿನಜೀನ್ ಅಥವಾ ಇಮಿಡೋಕಾರ್ಬ್. ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಒಂದರ ಔಷಧ ಇನ್ನೊಂದಕ್ಕೆ ಸಾಮಾನ್ಯವಾಗಿ ನಾಟುವುದಿಲ್ಲ. ಮೊದಲ ಎಡವಟ್ಟು ಇಲ್ಲೇ ಆಗುತ್ತದೆ.

ಬುಪಾರ್ವಕ್ವೋನ್ ಬೇಗ ಕೊಟ್ಟರೆ ಒಳ್ಳೆಯ ಕೆಲಸ ಮಾಡುತ್ತದೆ. ಐದಾರು ದಿನ ಸಾದಾ ಜ್ವರದ ಇಂಜೆಕ್ಷನ್ ಕೊಟ್ಟು ನೋಡಿ, ರಕ್ತ ಎಲ್ಲಾ ಇಳಿದ ಮೇಲೆ ಕೊಟ್ಟರೆ ರೋಗಾಣು ಸಾಯುತ್ತದೆ, ಹಸುವೂ ಉಳಿಯುವುದಿಲ್ಲ. ಅಷ್ಟು ಇಳಿದ ದನಕ್ಕೆ ಇನ್ನೊಂದು ಆರೋಗ್ಯವಂತ ದನದ ರಕ್ತ ಕೊಡಬಹುದು. ಮೊದಲ ಸಲವಾದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಕೊಟ್ಟಿಗೆಯಲ್ಲೇ ಮಾಡಬಹುದಾದ ಕೆಲಸ ಇದು. ಕೇಳಿ ನೋಡಿ.

ಇನ್ನು ಔಷಧಕ್ಕೆ ಬಗ್ಗದ ಥೈಲೇರಿಯಾ. ಇದು ಕಟ್ಟುಕಥೆ ಅಲ್ಲ. ಟ್ಯುನೀಶಿಯಾ, ಇರಾನ್ ದೇಶಗಳಲ್ಲಿ ಇಂಥ ರೋಗಾಣು ಸಿಕ್ಕಿದೆ. ಅದರ ಸೈಟೋಕ್ರೋಮ್ ಬಿ ಅನ್ನುವ ಜೀನಿನಲ್ಲಿ ಬದಲಾವಣೆ ಆಗಿತ್ತು. ಔಷಧ ಹೋಗಿ ಹಿಡಿಯುವ ಜಾಗವೇ ಅದು. ಹಾಗಾಗಿ ಇಂಜೆಕ್ಷನ್ ಕೊಟ್ಟೂ ಜ್ವರ ಇಳಿಯದ ದನದ ರಕ್ತ ನಮಗೆ ತುಂಬಾ ಮುಖ್ಯ. ಯಾವ ಜ್ವರಕ್ಕಾದರೂ ಇರಲಿ ಅಂತ ಇದೇ ಇಂಜೆಕ್ಷನ್ ಚುಚ್ಚುವ ಅಭ್ಯಾಸ, ಅರ್ಧ ಡೋಸ್ ಕೊಟ್ಟು ದುಡ್ಡು ಉಳಿಸುವ ಅಭ್ಯಾಸ, ಎರಡೂ ಆ ದಾರಿಗೇ ಒಯ್ಯುತ್ತವೆ.

ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು ಡೈರಿಗೆ ಹಾಕಬಹುದಾ?

ಬಾಟಲಿ ಮೇಲೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. ಅಷ್ಟು ದಿನ ಹಾಕಬೇಡಿ. ಬಾಟಲಿಯ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಹುಡುಕಾಟ ತಪ್ಪುತ್ತದೆ.

ಲಸಿಕೆ ಇಲ್ಲವಾ?

ಥೈಲೇರಿಯಾಕ್ಕೆ ಇದೆ. ರಕ್ಷಾವ್ಯಾಕ್-ಟಿ ಅನ್ನುವ ಹೆಸರಿನಲ್ಲಿ ನಮ್ಮ ದೇಶದಲ್ಲೇ ತಯಾರಾದದ್ದು. ಜೀವಂತ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಕೆಚ್ಚು ಮುರಿದು ಮಾಡಿದ ಲಸಿಕೆ. ತೊಡಕು ಏನೆಂದರೆ ದ್ರವ ಸಾರಜನಕದಲ್ಲೇ ಸಾಗಿಸಬೇಕು. ಕೃತಕ ಗರ್ಭಧಾರಣೆಯ ಕಡ್ಡಿ ಇಡುತ್ತಾರಲ್ಲ, ಆ ಥರದ ಡಬ್ಬಿ. ಹೊರಗೆ ತೆಗೆದ ಮೇಲೆ ಬೇಗ ಹಾಕಿ ಮುಗಿಸಬೇಕು. ಕಾಲುಬಾಯಿ ಜ್ವರದ ಲಸಿಕೆಯ ಹಾಗೆ ಊರೂರಿಗೆ ಒಯ್ಯುವುದು ಸುಲಭವಲ್ಲ. ಹತ್ತಾರು ಮಿಶ್ರತಳಿ ಹಸು ಇಟ್ಟವರು ಒಟ್ಟಾಗಿ ಕೇಳಿದರೆ ಅರ್ಥ ಇದೆ. ಗಬ್ಬದ ಹಸುವಿದ್ದರೆ ಮೊದಲೇ ಹೇಳಿ.

ಉಣ್ಣೆಯ ವಿರುದ್ಧವೇ ಲಸಿಕೆ ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂತು, ಕ್ಯೂಬಾದಲ್ಲೂ ಒಂದು ತಯಾರಾಯಿತು. ಲಸಿಕೆ ಹಾಕಿದ ದನದ ರಕ್ತ ಕುಡಿದ ಉಣ್ಣೆಯ ಕರುಳು ಹಾಳಾಗುತ್ತದೆ. ಸೊಗಸಾದ ಉಪಾಯ, ಅಲ್ವಾ?

ಉಣ್ಣೆ ಔಷಧ ಎಷ್ಟು ಸಿಂಪಡಿಸಿದರೂ ಸಾಯುತ್ತಿಲ್ಲ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗೆ ಬಗ್ಗದ ಮೈಕ್ರೋಪ್ಲಸ್ ಉಣ್ಣೆ ದೇಶದ ಹಲವು ಕಡೆ ವರದಿಯಾಗಿದೆ. ನಿಮ್ಮ ಕೊಟ್ಟಿಗೆಯದ್ದೂ ಅದೇನಾ ಅಂತ ನೋಡಲು ಪರೀಕ್ಷೆ ಇದೆ. ಉಬ್ಬಿದ ಹೆಣ್ಣು ಉಣ್ಣೆಯನ್ನು ಔಷಧದಲ್ಲಿ ಅದ್ದಿ, ಆಮೇಲೆ ಮೊಟ್ಟೆ ಇಡುತ್ತದಾ ಅಂತ ಕಾಯುವುದು ಒಂದು. ಔಷಧ ಸವರಿದ ಕಾಗದದ ಪೊಟ್ಟಣದಲ್ಲಿ ಮರಿಗಳನ್ನು ಬಿಟ್ಟು, ಮಾರನೇ ದಿನ ಸತ್ತವನ್ನು ಎಣಿಸುವುದು ಇನ್ನೊಂದು.

ಆದರೆ ಔಷಧದ ಮೇಲೆ ತಪ್ಪು ಹೊರಿಸುವ ಮೊದಲು ಕೈಯನ್ನೂ ನೋಡಿಕೊಳ್ಳಬೇಕು. ಅಂದಾಜಿನ ಮೇಲೆ ನೀರು ಬೆರೆಸುವುದು, ಬೆನ್ನ ಮೇಲಷ್ಟೇ ಹೊಡೆದು ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲಿನ ಹಿಂಭಾಗ ಬಿಡುವುದು, ಮಳೆ ಬರುವ ಹೊತ್ತಿಗೆ ಹೊಡೆಯುವುದು. ಒಂದು ಸಲ ಹೊಡೆದು ಸುಮ್ನೆ ಬಿಡುವುದಂತೂ ಎಲ್ಲಾ ಕಡೆ ಇದೆ. ಮರಿಗಳು ದಿನಾ ಹತ್ತುತ್ತಲೇ ಇರುತ್ತವೆ. ಮೂರು ವಾರದೊಳಗೆ ಮತ್ತೆ ಹೊಡೆಯದಿದ್ದರೆ ಹೊಸ ತಲೆಮಾರು ಮೊಟ್ಟೆ ಇಟ್ಟಾಯಿತು.

ಇನ್ನೊಂದು ಮಾತು ಜೋರಾಗಿಯೇ ಹೇಳುತ್ತೇನೆ. ಮೆಕ್ಕೆಜೋಳಕ್ಕೆ, ಹತ್ತಿಗೆ ತಂದ ಕೀಟನಾಶಕವನ್ನು ದನಕ್ಕೆ ಹಚ್ಚಬೇಡಿ. ನೊರೆ ಕಾರಿ ಬಿದ್ದ ದನವನ್ನು ಉಳಿಸಲು ಹೋದಾಗ ಹೆಚ್ಚಿನ ಸಲ ಹೊತ್ತು ಮೀರಿರುತ್ತದೆ.

ಕೊಟ್ಟಿಗೆಗೆ ಏನು ಮಾಡಬೇಕು?

ಗೋಡೆಯ ಬಿರುಕು ಮುಚ್ಚಿ. ಉಳಿದೆಲ್ಲಾ ಆಮೇಲೆ. ಹಯಲೋಮಾ ತಿಂಗಳುಗಟ್ಟಲೆ ಹಸಿದು ಅಲ್ಲೇ ಕೂರಬಲ್ಲದು. ಸಿಮೆಂಟಿನ ಗಿಲಾವು ಆಗದಿದ್ದರೆ ಮಣ್ಣಿನಿಂದಾದರೂ ಮೆತ್ತಿ, ಮೇಲೆ ಸುಣ್ಣ ಹೊಡೆಯಿರಿ. ದನಕ್ಕೆ ಔಷಧ ಹೊಡೆದ ದಿನವೇ ಗೋಡೆಗೂ, ಗೋದಲಿಗೂ, ನೆಲಕ್ಕೂ ಹೊಡೆಯಿರಿ. ಗೋದಲಿಯಲ್ಲಿ ಮೇವು ಇರಬಾರದು, ಔಷಧ ಒಣಗುವ ತನಕ ದನ ಹೊರಗಿರಲಿ. ತಿಪ್ಪೆ, ಕಲ್ಲುರಾಶಿ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ದೂರ ಸರಿಸಿ.

ದಿನಾ ಹಿಂಡುವಾಗ ಕೈಯಾಡಿಸಿ ಉಣ್ಣೆ ಕೀಳುವುದೂ ಸಣ್ಣ ಕೆಲಸವಲ್ಲ. ಹಯಲೋಮಾ ಕಚ್ಚಿದ ಕೂಡಲೇ ಥೈಲೇರಿಯಾ ದಾಟುವುದಿಲ್ಲ. ಉಣ್ಣೆಯ ಜೊಲ್ಲುಗ್ರಂಥಿಯಲ್ಲಿ ಅದು ಪಕ್ವವಾಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅಷ್ಟರೊಳಗೆ ಕಿತ್ತರೆ ರೋಗವನ್ನೇ ಕಿತ್ತಂತೆ.

ಬೇವಿನ ಎಣ್ಣೆ, ಸೀತಾಫಲದ ಬೀಜ, ಕೋಳಿ?

ಬೇವು, ಸೀತಾಫಲ ಎರಡರಲ್ಲೂ ಉಣ್ಣೆಗೆ ತೊಂದರೆ ಕೊಡುವ ಅಂಶ ಇದೆ. ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಬಿಸಿಲಿಗೆ ನಿಂತ ದನದ ಮೈಯಲ್ಲಿ ಬೇಗ ಸತ್ವ ಹೋಗುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಷ್ಟ, ಹುಷಾರು. ಕೋಳಿ ಉಣ್ಣೆ ತಿನ್ನುವುದು ನಿಜ, ನೆಲಕ್ಕೆ ಬಿದ್ದದ್ದನ್ನೂ ತಿನ್ನುತ್ತದೆ, ಮಲಗಿದ ದನದ ಮೈಮೇಲಿನದನ್ನೂ ಕುಕ್ಕುತ್ತದೆ. ಆದರೆ ಬಿರುಕಿನೊಳಗೆ ಕೊಕ್ಕು ಹೋಗುವುದಿಲ್ಲವಲ್ಲ.

ಇದು ನಮಗೂ ಬರುತ್ತಾ? ಮಂಗನ ಕಾಯಿಲೆಯೂ ಉಣ್ಣೆಯದ್ದೇ ಅಲ್ವಾ?

ಮೇಲೆ ಹೇಳಿದ ದನದ ಥೈಲೇರಿಯಾ, ಬೆಬೀಸಿಯಾ ಬೈಜೆಮಿನಾ, ಅನಾಪ್ಲಾಸ್ಮಾ ಮಾರ್ಜಿನೇಲ್ ಮನುಷ್ಯರಿಗೆ ಬರುವುದಿಲ್ಲ. ಮಂಗನ ಕಾಯಿಲೆ ವೈರಸ್ಸಿನದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದನ್ನು ತರುವ ಕಾಡಿನ ಉಣುಗು ಬೇರೆ ಜಾತಿ.

ಹಾಗಂತ ಬರಿಗೈಯಲ್ಲಿ ಉಣ್ಣೆ ಹಿಸುಕಬೇಡಿ. ಹಯಲೋಮಾ ಉಣ್ಣೆ ಕ್ರಿಮಿಯನ್-ಕಾಂಗೋ ಅನ್ನುವ ರಕ್ತಸ್ರಾವದ ಜ್ವರವನ್ನೂ ಹೊರಬಲ್ಲದು. ಅದು 2011ರಲ್ಲಿ ಗುಜರಾತಿನಲ್ಲಿ ಮನುಷ್ಯರಿಗೆ ಬಂದಿತ್ತು. ಚಿಮಟದಲ್ಲಿ ಕಿತ್ತು ಸ್ಪಿರಿಟ್ಟಿಗೆ ಅಥವಾ ಸೀಮೆಎಣ್ಣೆಗೆ ಹಾಕಿ.

ಎಮ್ಮೆ, ಕುರಿ ಜೊತೆಗೆ ಕಟ್ಟಿದರೆ?

ಎಮ್ಮೆಗಳಲ್ಲಿ ಥೈಲೇರಿಯಾ ಆನ್ಯುಲೇಟಾ ಹೆಚ್ಚಾಗಿ ಸದ್ದಿಲ್ಲದೆ ಇರುತ್ತದೆ, ಹಾಗಾಗಿ ಪಕ್ಕದ ಎಚ್‌ಎಫ್‌ಗೆ ಅದು ಮೂಲ ಆಗಬಹುದು. ಕುರಿಯ ಥೈಲೇರಿಯಾ ಬೇರೆ ಜಾತಿ. ಆದರೆ ಹಯಲೋಮಾ ಕುರಿಯನ್ನೂ ಹತ್ತುತ್ತದೆ, ಮಂದೆಯ ಜೊತೆ ಊರೂರು ತಿರುಗುತ್ತದೆ.

ಫಲಿತಾಂಶ ನಮಗೆ ಹೇಳುತ್ತೀರಾ? ಎಷ್ಟೋ ಜನ ಬಂದು ರಕ್ತ ಒಯ್ದರು, ಮತ್ತೆ ಮುಖ ತೋರಿಸಲಿಲ್ಲ.

ಈ ದೂರು ನ್ಯಾಯವಾದದ್ದು. ಸ್ಲೈಡಿನ ಫಲಿತಾಂಶ ಎರಡು ದಿನದಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ. ಪಿಸಿಆರ್‌ಗೆ ಸಮಯ ಬೇಕು, ಮಾದರಿಗಳು ಒಟ್ಟಾದ ಮೇಲೆ ಮಾಡುವುದರಿಂದ ತಿಂಗಳುಗಳೇ ಹಿಡಿಯಬಹುದು. ರಕ್ತ ಕೊಡುವಾಗಲೇ ಟ್ಯೂಬಿನ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ, ಯಾರಿಗೆ ಕೇಳಬೇಕು ಅಂತ ಕೇಳಿಟ್ಟುಕೊಳ್ಳಿ. ಫಲಿತಾಂಶ ಕೊಡದವರಿಗೆ ಮುಂದಿನ ಸಲ ರಕ್ತ ಕೊಡಬೇಡಿ. ದನ ಈಗಲೇ ಮಲಗಿದ್ದರೆ ಸಂಶೋಧಕರಿಗಾಗಿ ಕಾಯಬೇಡಿ, ನಿಮ್ಮೂರಿನ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಉಣ್ಣೆಯನ್ನು ನಾವೇ ಹಿಡಿದು ಕೊಡಬಹುದಾ?

ಖಂಡಿತ. ಮುಚ್ಚಳ ಬಿಗಿ ಇರುವ ಸಣ್ಣ ಬಾಟಲಿ, ಅದರಲ್ಲಿ ಸ್ಪಿರಿಟ್. ಒಂದು ದನಕ್ಕೆ ಒಂದು ಬಾಟಲಿ, ಬೆರೆಸಬೇಡಿ. ಉಬ್ಬಿದ್ದನ್ನಷ್ಟೇ ಅಲ್ಲ, ಸಣ್ಣವನ್ನೂ ಹಾಕಿ. ಎಳೆಯುವಾಗ ಮೂತಿ ಚರ್ಮದಲ್ಲೇ ಉಳಿಯದಂತೆ ಬುಡದಲ್ಲಿ ಹಿಡಿದು ನಿಧಾನ ಎಳೆಯಿರಿ, ಜಾತಿ ಗುರುತಿಸುವುದು ಮೂತಿಯಿಂದಲೇ. ದನದ ಗುರುತು, ಊರು, ತಾರೀಕನ್ನು ಚೀಟಿಯಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ, ಆಮೇಲೆ ಅದು ಜಗಳೂರಿನ ಉಣ್ಣೆಯೋ ಹೊಳಲ್ಕೆರೆಯದ್ದೋ ಯಾರಿಗೂ ಗೊತ್ತಾಗುವುದಿಲ್ಲ.